2⁶⁴ − 1 ಅನ್ನು ಕೈಲೆಕ್ಕದಲ್ಲಿ ಒಡೆಯಬಹುದೇ?

ಪ್ರಶ್ನೆ: ಶಿಕ್ಷಕಿ, ಸೇಡಂ

ಹತ್ತನೇ ತರಗತಿಯ ಮಕ್ಕಳಿಗೆ ಮನೆಪಾಠ ಹೇಳುತ್ತೇನೆ. ಚದುರಂಗದ ಮನೆಗಳಲ್ಲಿ ಒಂದು, ಎರಡು, ನಾಲ್ಕು ಎಂದು ಇಮ್ಮಡಿಯಾಗಿ ಕಾಳಿಡುವ ಲೆಕ್ಕವನ್ನು ನಮ್ಮ ತೊಗರಿಯಲ್ಲೇ ಮಾಡಿಸಿದೆ. 64 ಮನೆಗಳಿಗೆ 1,84,46,74,40,73,70,95,51,615 ಕಾಳು. ನೂರು ಕಾಳಿಗೆ ಹತ್ತು ಗ್ರಾಂ ಹಿಡಿದರೂ ಸುಮಾರು 1.8 ಲಕ್ಷ ಕೋಟಿ ಟನ್! ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ, ಇದರ ಅವಿಭಾಜ್ಯ ಅಪವರ್ತನಗಳು ಬೇಕೆಂದರು. ಕೊನೆಯ ಅಂಕಿ 5, ಅಂಕಿಗಳ ಮೊತ್ತ 87; ಹಾಗಾಗಿ 5 ಮತ್ತು 3 ಸಿಕ್ಕವು. ಮುಂದೆ ದಾರಿ ಇದೆಯೇ?

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಬೀದರ್

ಇದೆ ತಂಗಿ, ಅದೂ ನಿಮ್ಮ ಮಕ್ಕಳ ಪಠ್ಯದಲ್ಲೇ ಇದೆ. ಇಪ್ಪತ್ತು ಅಂಕಿಗಳನ್ನು ಮರೆತುಬಿಡಿ, 2⁶⁴ − 1 ಎಂದಷ್ಟೇ ಬರೆಯಿರಿ. ಇದು ಎರಡು ವರ್ಗಗಳ ವ್ಯತ್ಯಾಸ: (2³² + 1)(2³² − 1). ಎರಡನೆಯ ಆವರಣವನ್ನು ಮತ್ತೆ ಹಾಗೆಯೇ ಒಡೆಯಿರಿ, ಒಡೆಯುತ್ತಲೇ ಹೋಗಿ. ಕೊನೆಗೆ ಉಳಿಯುವುದು

3 × 5 × 17 × 257 × 65537 × 4294967297

ಮೊದಲ ಐದೂ ಅವಿಭಾಜ್ಯ. ಆರನೆಯದೂ, ಅಂದರೆ 2³² + 1 ಕೂಡ, ಹಾಗೆಯೇ ಇರಬೇಕೆಂದು ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಇನ್ನೊಬ್ಬ ಗಣಿತಜ್ಞ ಆಯ್ಲರ್ ಅದನ್ನು 641 × 6700417 ಎಂದು ಒಡೆದ. ಈ ಆರನೆಯ ಸಂಖ್ಯೆಯ ಯಾವುದೇ ಅವಿಭಾಜ್ಯ ಅಪವರ್ತನವನ್ನು 64ರಿಂದ ಭಾಗಿಸಿದರೆ ಶೇಷ 1 ಬರಲೇಬೇಕು. ಅಂಥ ಅವಿಭಾಜ್ಯಗಳು 193, 257, 449, 577 (ಈ ನಾಲ್ಕೂ ಅದನ್ನು ಭಾಗಿಸುವುದಿಲ್ಲ), ಐದನೆಯದೇ 641.

ಇನ್ನು 641 ಅದನ್ನು ಭಾಗಿಸುತ್ತದೆಂದು ಭಾಗಾಕಾರವನ್ನೇ ಮಾಡದೆ ತೋರಿಸುವ ಬಗೆ ನೋಡಿ, ನನಗೆ ಪ್ರಾಣ ಇದು. 641 ಎಂದರೆ 5 × 2⁷ + 1. ಅದೇ 641 ಎಂದರೆ 5⁴ + 2⁴ ಕೂಡ. ಮೊದಲ ರೂಪದಿಂದ 641 ಎಂಬುದು (5 × 2⁷)⁴ − 1, ಅಂದರೆ 5⁴ × 2²⁸ − 1 ಅನ್ನು ನಿಶ್ಶೇಷವಾಗಿ ಭಾಗಿಸುತ್ತದೆ. ಎರಡನೆಯದನ್ನು 2²⁸ರಿಂದ ಗುಣಿಸಿದರೆ 5⁴ × 2²⁸ + 2³². ಇದನ್ನೂ 641 ಭಾಗಿಸುತ್ತದೆ. ಇದರಿಂದ ಅದನ್ನು ಕಳೆಯಿರಿ: 2³² + 1, ಹಾಗಾಗಿ 641 ಇದನ್ನೂ ಭಾಗಿಸುತ್ತದೆ. ಕರಿಹಲಗೆಯ ಮೇಲೆ ನಾಲ್ಕು ಸಾಲು ಸಾಕು.

ಪ್ರತಿಕ್ರಿಯೆ: ವಿದ್ಯಾರ್ಥಿ, ಯಾದಗಿರಿ

ಸರ್, 6700417 ಇನ್ನೂ ಒಡೆಯುವುದಿಲ್ಲ ಎಂದು ಹೇಗೆ ಖಚಿತಪಡಿಸಿಕೊಳ್ಳುವುದು? ವರ್ಗಮೂಲವೇ 2588 ದಾಟುತ್ತದೆ.

ಉತ್ತರ: ನಿವೃತ್ತ ಗಣಿತ ಶಿಕ್ಷಕ, ಬೀದರ್

ಒಳ್ಳೆಯ ಪ್ರಶ್ನೆ ತಮ್ಮಾ. 64ರ ಅದೇ ನಿಯಮ ಇಲ್ಲಿಯೂ ಕೈಹಿಡಿಯುತ್ತದೆ. 641ಕ್ಕಿಂತ ಚಿಕ್ಕವು ಮೊದಲೇ ಹೊರಗಾದವು. 2588ರೊಳಗೆ ಉಳಿಯುವ ಅವಿಭಾಜ್ಯಗಳು 641, 769, 1153, 1217, 1409, 1601, 2113. ಏಳೇ ಭಾಗಾಕಾರ, ಒಂದರಲ್ಲೂ ಶೇಷ ಸೊನ್ನೆ ಬರುವುದಿಲ್ಲ. ಮಾಡಿ ನೋಡು.

ಶಿಕ್ಷಕಿ, ಸೇಡಂ

ಧನ್ಯವಾದಗಳು ಸರ್. ಹಾಗಾದರೆ ಏಳು ಬೇರೆ ಬೇರೆ ಅವಿಭಾಜ್ಯಗಳು, ಒಟ್ಟು ಭಾಜಕಗಳು 2⁷, ಅಂದರೆ 128. ಆ ಏಳು ಭಾಗಾಕಾರಗಳನ್ನು ಏಳು ಮಕ್ಕಳಿಗೆ ಹಂಚುತ್ತೇನೆ.