ಸಹಾಯ ಬೇಕು: ಇಸ್ತಾಂಬುಲ್‌ನಲ್ಲಿ ಒಂದು ದಿನಕ್ಕೆ ಒಳ್ಳೆಯ ಗೈಡ್

ನಮಸ್ಕಾರ. ಮುಂದಿನ ತಿಂಗಳು ಅಪ್ಪ, ಅಮ್ಮನೊಂದಿಗೆ ಇಸ್ತಾಂಬುಲ್‌ಗೆ ಹೋಗುತ್ತಿದ್ದೇನೆ. ಕೈಗೆ ಸಿಗುವುದು ಒಂದೇ ಪೂರ್ತಿ ದಿನ, ಅದೂ ಮಂಗಳವಾರ. ಅಂದು ತೋಪ್‌ಕಾಪಿ ಅರಮನೆಗೆ ರಜೆ. ಹೋಗಲಿ, ಅಮ್ಮನ ಆಸೆಯೆಲ್ಲ ನೆಲದಡಿಯ ಬಸಿಲಿಕಾ ಜಲಾಗಾರದ ಮೇಲಿದೆ. ಅಲ್ಲಿನ 336 ಕಂಬಗಳಲ್ಲಿ ಎರಡರ ಬುಡಕ್ಕೆ ಗ್ರೀಕ್ ಪುರಾಣದ ಹಾವುಗೂದಲಿನ ಹೆಣ್ಣು ಮೆಡೂಸಾಳ ಕಲ್ಲಿನ ತಲೆಗಳನ್ನು ಇಟ್ಟಿದ್ದಾರೆ: ಒಂದು ತಲೆಕೆಳಗಾಗಿ, ಇನ್ನೊಂದು ಅಡ್ಡಲಾಗಿ. ಹಾಗೇಕೆ ಎಂದು ಅಮ್ಮ ಈಗಲೇ ಕೇಳಲು ಶುರು ಮಾಡಿದ್ದಾರೆ.

ಹಿಂದೊಮ್ಮೆ ಬೇರೊಂದು ಊರಿನಲ್ಲಿ ಖಾಸಗಿ ಪ್ರವಾಸವೆಂದು ಹಣ ಪಡೆದವನೊಬ್ಬ ನಮ್ಮನ್ನು ಅರ್ಧ ದಿನ ರತ್ನಗಂಬಳಿ ಅಂಗಡಿಯಲ್ಲೇ ಕೂರಿಸಿದ್ದ. ಚಹಾ ಮಾತ್ರ ಚೆನ್ನಾಗಿತ್ತು! ಆದ್ದರಿಂದ ಸರ್ಕಾರದ ಪರವಾನಗಿ ಕಾರ್ಡ್ ಇರುವ, ಇಂಗ್ಲಿಷ್ ಅಥವಾ ಹಿಂದಿ ಬಲ್ಲ, ಅಂಗಡಿಗೆ ಎಳೆದೊಯ್ಯದ ಗೈಡ್ ಯಾರಾದರೂ ಗೊತ್ತಿದ್ದರೆ ತಿಳಿಸಿ.

ಅಪ್ಪನಿಗೆ ಮಂಡಿನೋವು. 537ರಲ್ಲಿ ಚರ್ಚ್ ಆಗಿ ಕಟ್ಟಿ ಮುಗಿಸಿದ, ಈಗ ಮಸೀದಿಯಾಗಿರುವ ಹಾಗಿಯಾ ಸೋಫಿಯಾದಲ್ಲಿ ಪ್ರವಾಸಿಗರನ್ನು ಈಗ ಮೇಲಿನ ಗ್ಯಾಲರಿಗೆ ಮಾತ್ರ ಬಿಡುತ್ತಾರಂತೆ. ಆ ಏರು ಅವರಿಂದ ಆದೀತೇ? ಗೈಡ್ ಹೇಳುವ ದರದಲ್ಲಿ ಟಿಕೆಟ್‌ಗಳೂ ಸೇರಿರುತ್ತವೆಯೇ, ಅಥವಾ ಪ್ರತಿ ಬಾಗಿಲಿನಲ್ಲೂ ಬೇರೆ ಕೊಡಬೇಕೇ? ಈಚೆಗೆ ಹೋಗಿ ಬಂದವರು ದಯವಿಟ್ಟು ಹೇಳಿ.