ಸಹಾಯ ಬೇಕು: ಸಿಂಗಪುರದಲ್ಲಿ ಗೋದಲಿಗೆ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ರಾಗಿ ಪೈರು ಬೆಳೆಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಮೈಸೂರು ಬಿಟ್ಟು ಬಂದ ಮೇಲೆ ಇದು ನಮ್ಮ ಮೊದಲ ಕ್ರಿಸ್‌ಮಸ್. ಊರಲ್ಲಿ ಅಮ್ಮ ಹಬ್ಬಕ್ಕೆ ಹತ್ತು ದಿನ ಮೊದಲೇ ತಟ್ಟೆಗೆ ಮಣ್ಣು ಹರಡಿ ರಾಗಿ ಚೆಲ್ಲುತ್ತಿದ್ದರು. 24ರ ರಾತ್ರಿ ಪೂಜೆಗೆ ಹೊರಡುವಷ್ಟರಲ್ಲಿ ಗೋದಲಿಯ ಸುತ್ತ ಬೆರಳುದ್ದದ ಹಸಿರು!

ಇಲ್ಲಿ ಲಿಟಲ್ ಇಂಡಿಯಾದಲ್ಲಿ ರಾಗಿ ಸಿಕ್ಕಿತು. ಆದರೆ ಎರಡು ಸಲವೂ ಮೊಳಕೆಗೆ ಮೊದಲೇ ಬಿಳಿ ಬೂಸ್ಟು ಹಿಡಿಯಿತು. ಡಿಸೆಂಬರ್ ಇಲ್ಲಿ ಮಳೆಯ ಕಾಲ, ಜೊತೆಗೆ 30 ಡಿಗ್ರಿ ಸೆಕೆ. ನೀರು ಹೆಚ್ಚಾಯಿತೋ, ಬೀಜವೇ ಹಳೆಯದೋ? ಮಣ್ಣಿನ ಬದಲು ತೆಂಗಿನ ನಾರಿನ ಪುಡಿ ಹಾಕಬಹುದಾ?

ರೋಸ್ ಕುಕ್ಕೀಸ್ ಕೂಡ ಡಬ್ಬಿಗೆ ತುಂಬಿದ ಮರುದಿನವೇ ಮೆತ್ತಗಾಗುತ್ತಿದೆ, ಅದಕ್ಕೂ ಉಪಾಯ ಇದ್ದರೆ ಹೇಳಿ.

ಆರು ವರ್ಷದ ಮಗಳು ದಿನಾ ಎದ್ದ ಕೂಡಲೇ ತಟ್ಟೆಗೆ ಬಗ್ಗಿ, "ಬಾಲಯೇಸುಗೆ ಹುಲ್ಲು ಬಂತಾ?" ಅಂತಾಳೆ. ಇನ್ನು 12 ದಿನ ಇದೆ. ಬೆಳೆಸಿ ಗೊತ್ತಿದ್ದವರು ದಯವಿಟ್ಟು ತಿಳಿಸಿ.