ಸಹಾಯ ಬೇಕು: ಬೇರೆಯವರು ಬರೆದ ದೊಡ್ಡ ಕೋಡ್ ಓದುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಾನು ಹಾಸನದ ಕಡೆಯವನು. ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದೇನೆ. ಕೋಡಿಂಗ್ ಟೆಸ್ಟ್ ಪಾಸಾಗುತ್ತೇನೆ, ಸಿಕ್ಕಿಕೊಳ್ಳುವುದು ಮುಂದಿನ ರೌಂಡಿನಲ್ಲಿ. ಅಲ್ಲಿ ಒಂದು ರೆಡಿ ಸ್ಪ್ರಿಂಗ್ ಬೂಟ್ (ಜಾವಾದಲ್ಲಿ ವೆಬ್ ಆ್ಯಪ್ ಕಟ್ಟುವ ಫ್ರೇಮ್‌ವರ್ಕ್) ಪ್ರಾಜೆಕ್ಟ್ ಕೊಟ್ಟು, ಬಗ್ ಹುಡುಕಿ ಸರಿಮಾಡಿ, ಯುನಿಟ್ ಟೆಸ್ಟ್ (ಕೋಡಿನ ಒಂದೊಂದು ಸಣ್ಣ ಭಾಗವನ್ನು ಪರೀಕ್ಷಿಸುವ ಕೋಡ್) ಬರೆಯಿರಿ ಎನ್ನುತ್ತಾರೆ. ಕಾಲೇಜಿನ ಲ್ಯಾಬಿನಲ್ಲಿ ಪ್ರತಿ ಪ್ರೋಗ್ರಾಮನ್ನೂ ಖಾಲಿ ಫೈಲಿನಿಂದಲೇ ಶುರು ಮಾಡುತ್ತಿದ್ದೆವು. ಔಟ್‌ಪುಟ್ ಬಂದರೆ ರೆಕಾರ್ಡ್ ಬುಕ್ಕಿಗೆ ಸಹಿ, ಅಷ್ಟೇ. ಬೇರೆಯವರ ಕೋಡ್ ಓದಿ ತಿದ್ದುವುದನ್ನು ಯಾರೂ ಕಲಿಸಲಿಲ್ಲ. ಕಂಪನಿಯಲ್ಲಿ ಜಾಸ್ತಿ ಇರುವುದು ಅದೇ ಕೆಲಸ ಅಲ್ವಾ?

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿತಿದ್ದೇನೆ, ಬದಲಾವಣೆಗಳು ಒಂದಕ್ಕೊಂದು ಹೊಂದದೆ ಮರ್ಜ್ ಕಾನ್‌ಫ್ಲಿಕ್ಟ್ ಬಂದರೂ ಬಿಡಿಸಿಕೊಳ್ಳುತ್ತೇನೆ. ಜಾವಾದ ಟೆಸ್ಟ್ ಟೂಲ್ ಆದ ಜೆಯುನಿಟ್‌ನಲ್ಲಿ ಸಣ್ಣ ಟೆಸ್ಟ್ ಬರೆಯುತ್ತೇನೆ. ಗಿಟ್‌ಹಬ್‌ನಲ್ಲಿ 'ಗುಡ್ ಫಸ್ಟ್ ಇಶ್ಯೂ' (ಹೊಸಬರು ಮಾಡಬಹುದಾದ ಕೆಲಸ) ಲೇಬಲ್ ಇರುವ ಪ್ರಾಜೆಕ್ಟ್‌ಗಳನ್ನೂ ತೆರೆದು ನೋಡಿದೆ. ರಿಕ್ವೆಸ್ಟ್ ಮೊದಲು ಬರುವ ಕಂಟ್ರೋಲರ್‌ನಿಂದ, ಅಸಲಿ ಕೆಲಸ ನಡೆಯುವ ಸರ್ವಿಸ್‌ವರೆಗೆ ಹೋಗುತ್ತೇನೆ. ಅಲ್ಲಿ ಬರೀ ಇಂಟರ್‌ಫೇಸ್ (ಮೆಥಡ್‌ಗಳ ಹೆಸರಿನ ಪಟ್ಟಿ) ಇರುತ್ತದೆ. ಅದರ ಹಿಂದೆ ನಿಜವಾಗಿ ಓಡುವ ಕ್ಲಾಸ್ ಯಾವುದು ಎಂದು ಹುಡುಕುವಷ್ಟರಲ್ಲಿ ದಾರಿ ತಪ್ಪುತ್ತದೆ. ಕೆಲವರು ಡಾಕರ್ (ಆ್ಯಪನ್ನು ಪ್ಯಾಕ್ ಮಾಡಿ ಓಡಿಸುವ ಟೂಲ್) ಕೋರ್ಸಿಗೆ ಸೇರು ಎನ್ನುತ್ತಾರೆ. ಅದರಿಂದ ಈ ತೊಂದರೆ ಬಗೆಹರಿಯುತ್ತದೆ ಎಂದು ನನಗೆ ಅನ್ನಿಸುವುದಿಲ್ಲ.

ಕೆಲಸದಲ್ಲಿರುವವರು ದಯವಿಟ್ಟು ಹೇಳಿ. ಹೊಸ ಪ್ರಾಜೆಕ್ಟಿಗೆ ಸೇರಿದಾಗ ಕೋಡನ್ನು ಎಲ್ಲಿಂದ ಓದಲು ಶುರು ಮಾಡುತ್ತೀರಿ? ಡಿಬಗರ್ (ಕೋಡನ್ನು ಒಂದೊಂದೇ ಸಾಲಾಗಿ ಓಡಿಸಿ ನೋಡುವ ಟೂಲ್) ಹಾಕಿ ಒಂದು ರಿಕ್ವೆಸ್ಟಿನ ಹಿಂದೆಯೇ ಹೋಗಬೇಕೋ, ಇರುವ ಟೆಸ್ಟ್‌ಗಳನ್ನು ಮೊದಲು ಓದಬೇಕೋ? ಅಭ್ಯಾಸಕ್ಕೆ ತಕ್ಕ ಸಣ್ಣ ಜಾವಾ ಪ್ರಾಜೆಕ್ಟ್ ಗೊತ್ತಿದ್ದರೆ ಹೆಸರು ತಿಳಿಸಿ.